ಕಿರುಬೆರಳಿನ ಕೆಳಗೆ

“ಬಲಗೈ ಬಿಡೇ, ಒರೆಸಬೇಕು.”

ಅತ್ತಿಗೆ ಮೂರನೆಯ ಸಲ ಹೇಳಿದರೂ ಅವಳು ಗಂಡನ ಮುಷ್ಟಿಯ ಮೇಲಿಂದ ತನ್ನ ಕೈ ತೆಗೆಯಲಿಲ್ಲ. ಮಂಚದ ಮೇಲೆ ಮಲಗಿದ್ದವನಿಗೆ ಇನ್ನು ಯಾವ ಅವಸರವೂ ಇರಲಿಲ್ಲ, ಅವಸರವೆಲ್ಲ ಉಳಿದವರದು. ಮೂರು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು. ಆದರೆ ಆ ಮುಷ್ಟಿ ಬಿಚ್ಚಿದರೆ ಕಿರುಬೆರಳಿನ ಕೆಳಗೆ ಅವಳ ಹೆಬ್ಬೆರಳಿನ ಉಗುರು ಊರಿದ ಗುರುತು ಕಾಣುತ್ತದೆ. ಗಂಡನ ಅಕ್ಕನಾದ ಈ ಅತ್ತಿಗೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ತಮ್ಮನ ಮೈಮೇಲಿನ ಗುರುತಿಗೆ ಕಾರಣ ಕೇಳದೆ ಬಿಡುವವಳಲ್ಲ.

“ನಾನೇ ಒರೆಸ್ತೀನಿ ಅತ್ತಿಗೆ.”

“ಒರೆಸು ಮತ್ತೆ! ಹಾವು ಹಿಡಿದೋಳ ಹಾಗೆ, ಹಿಡ್ಕೊಳ್ಳೋಕೂ ಭಯ, ಬಿಡೋಕೂ ಭಯ ಅಂತ ಕೂತಿದ್ದೀಯಲ್ಲ.” ಬೋಗುಣಿ ಎತ್ತಿಕೊಂಡು ಅತ್ತಿಗೆ ಬಿಸಿನೀರಿಗೆ ಅಡುಗೆಮನೆಗೆ ಹೋದಳು.

ಬಲಗೈ. ಆ ಮಾತು ಈಗ ಅವಳ ಎದೆಗೆ ನಾಟಿತು. ಬಲಗೈಯೇ?

* * *

ಹೋದ ವರ್ಷ ವೈದ್ಯರು “ಹೃದಯ ದಣಿದಿದೆ” ಎಂದ ದಿನವೇ ಅವಳ ನಿದ್ದೆ ಹಾರಿತ್ತು. ಮೊದಲೇ ತನ್ನ ನೆರಳಿಗೆ ತಾನೇ ಬೆಚ್ಚುವ ಜೀವ. ಎಲ್ಲಿ ಒತ್ತಿದರೆ ಯಾವ ಅಂಗಕ್ಕೆ ಗುಣ ಎಂದು ತೋರಿಸುವ, ಔಷಧದಂಗಡಿಯಲ್ಲಿ ಸಿಕ್ಕ ಅಂಗೈಯ ಚಿತ್ರವನ್ನು ತಂದು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದಳು. ಬೆರಳ ತುದಿಯಲ್ಲಿ ತಲೆ, ಅಂಗೈ ನಡುವೆ ಹೊಟ್ಟೆ, ಎಡಗೈಯ ಕಿರುಬೆರಳಿನ ಕೆಳಗೆ ಹೃದಯ. ಒಲೆಯ ಮೇಲೆ ನೀರು ಕುದಿಯುವಷ್ಟರಲ್ಲಿ ತನ್ನ ಎಡಗೈಯನ್ನೇ ಒತ್ತಿ ಒತ್ತಿ ಬಾಯಿಪಾಠ ಮಾಡುವಂತೆ ಕಲಿತಳು. ಸಂಜೆ ಅವನು ಅಂಗಡಿ ಮುಚ್ಚಿ ಬಂದ ಕೂಡಲೇ ಮೇಜಿನಾಚೆ ಎದುರಿಗೆ ಕೂರಿಸಿಕೊಂಡು, ತನ್ನ ಎಡಕ್ಕಿದ್ದ ಅವನ ಕೈಯನ್ನು ಎಳೆದುಕೊಳ್ಳುತ್ತಿದ್ದಳು.

ಬೀಗ ರಿಪೇರಿಯವನ ಕೈ. ಕೀಲಿಗಳಿಗೆ ಅರ ಉಜ್ಜಿ ಉಜ್ಜಿ ದಡ್ಡುಗಟ್ಟಿತ್ತು.

“ಏನಾದ್ರೂ ಗೊತ್ತಾಗ್ತಿದೆಯಾ?”

“ಎದೆಯೊಳಗೆ ಯಾರೋ ಕಸ ಗುಡಿಸಿದ ಹಾಗಿದೆ,” ಎಂದು ಅವನು ನಗುತ್ತಿದ್ದ.

ನಿನ್ನೆ ಬೆಳಿಗ್ಗೆ ಲೋಟ ಕೆಳಗಿಟ್ಟು ಎದೆ ಹಿಡಿದುಕೊಂಡ. ಅವಳು ಫೋನಿನತ್ತ ಹೋಗಲಿಲ್ಲ. ಎದುರಿಗೆ ಕೂತು ಕೈ ಹಿಡಿದಳು, ದೇವರನ್ನು ನೆನೆಯುತ್ತ ಒತ್ತಿದಳು. ಗಡಿಯಾರದ ದೊಡ್ಡ ಮುಳ್ಳು ಹನ್ನೆರಡರಿಂದ ಮೂರಕ್ಕೆ ಬಂತು. ಆಮೇಲೆ ಬಂದ ಆಂಬ್ಯುಲೆನ್ಸಿನವರು “ನೋವು ಶುರುವಾಗಿ ಎಷ್ಟು ಹೊತ್ತಾಯ್ತಮ್ಮಾ?” ಎಂದಾಗ ಅವಳ ಬಾಯಿಂದ ಹೊರಟದ್ದು ಎರಡೇ ಮಾತು: “ಈಗ ತಾನೇ.”

* * *

ಎದುರಿಗೆ ಕೂತವರ ಬಲಗೈ ನಮ್ಮ ಎಡಕ್ಕಿರುತ್ತದೆ. ವರ್ಷವಿಡೀ ಹೊಳೆಯದ ಈ ಸತ್ಯ ಅವಳಿಗೆ ಈಗ ಹೊಳೆಯಿತು. ಕಾಲು ಗಂಟೆ ಒತ್ತಿದ್ದೂ ತಪ್ಪು ಕೈಯನ್ನೇ.

ಇಪ್ಪತ್ತು ವರ್ಷ ಗಂಡನ ಅಂಗಡಿಯ ಪಕ್ಕದಲ್ಲೇ ಚಪ್ಪಲಿ ಹೊಲಿದವನು ಒಳಗೆ ಬಂದು ಮಂಚದ ಬಳಿ ನಿಂತ.

“ಎಂಥ ಮನುಷ್ಯ ಅಕ್ಕ! ಒಂಟಿ ಮುದುಕೀರಿಗೆ ಬಾಗಿಲು ತೆಗೆದುಕೊಟ್ರೆ, ಅವರು ಒಳಗಿಂದ ಚಿಲಕ ಹಾಕೋ ಸದ್ದು ಕೇಳೋವರೆಗೂ ಮೆಟ್ಟಿಲು ಇಳೀತಿರಲಿಲ್ಲ.”

ಅವಳು ತಲೆ ಎತ್ತದೆ ಕೇಳಿದಳು: “ನಾನು ಕೈ ಒತ್ತೋ ವಿಷಯ... ಏನಾದ್ರೂ ಹೇಳ್ತಿದ್ರಾ?”

“ಹೇಳದೆ! ಗಿರಾಕಿ ಇಲ್ದಾಗ ಎಡಗೈ ಒತ್ಕೊಳ್ಳೋದೇ ಕೆಲಸ. ಜಾಗ ತಪ್ಪದಿರಲಿ ಅಂತ ದಿನಾ ನೀಲಿ ಚುಕ್ಕೆ ಬೇರೆ, ಕೀಲಿಗೆ ಗುರುತು ಹಾಕೋ ಶಾಯೀಲಿ. ‘ಮನೇಲಿ ಅಕ್ಕ ಒತ್ತಲ್ವೇನಯ್ಯಾ?’ ಅಂದೆ. ‘ಅವಳು ಬಲಗೈ ಹಿಡೀತಾಳೆ. ತಪ್ಪು ಅಂದ್ರೆ ನಾಳೆಯಿಂದ ಹೆದರಿ ಹಿಡಿಯೋದೇ ಬಿಡ್ತಾಳೆ. ಬಾಗಿಲು ಬೇರೆ ಆದ್ರೇನು, ಮನೆ ಒಂದೇ ತಾನೆ’ ಅಂದ.”

ಅಷ್ಟು ಹೇಳಿ ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟ.

ಅತ್ತಿಗೆ ಬೋಗುಣಿ ತಂದಿಟ್ಟಳು. ಅವಳು ತಾನಾಗಿಯೇ ಆ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ತೆರೆದಳು. ದಡ್ಡಿನ ಮೇಲೆ ಅರ್ಧಚಂದ್ರದಂಥ ಉಗುರಿನ ಗುರುತು.

ಅತ್ತಿಗೆ ಬಗ್ಗಿ ನೋಡಿದಳು. “ಎಷ್ಟು ಹೊತ್ತು ಒತ್ತಿದೆ?”

“ಕಾಲು ಗಂಟೆ. ಆಮೇಲೆ ಫೋನ್ ಮಾಡಿದೆ. ಅವರ ಹತ್ರ ಸುಳ್ಳು ಹೇಳಿದೆ ಅತ್ತಿಗೆ. ಆ ಕಾಲು ಗಂಟೇಲಿ... ಉಳೀತಿದ್ರಾ?”

ಅತ್ತಿಗೆ ಬಟ್ಟೆ ಹಿಂಡಿದಳು. ಹನಿ ನಿಂತಮೇಲೂ ಹಿಂಡುತ್ತಲೇ ಇದ್ದಳು.

“ಉಳೀತಿದ್ದ ಅಂದ್ರೂ ಸುಳ್ಳಾದೀತು, ಉಳೀತಿರಲಿಲ್ಲ ಅಂದ್ರೂ ಸುಳ್ಳಾದೀತು. ಮೇಲಿರೋನಿಗೇ ಗೊತ್ತು.” ಬಲ ಅಂಗೈಯನ್ನು ಮೆಲ್ಲಗೆ ಒರೆಸಿದಳು. “ಆ ಕೈ ಕೊಡು.”

ಅವಳು ಎದ್ದು ಸುತ್ತಿಬಂದು, ಈ ಸಲ ಎದುರಿಗಲ್ಲ, ಅವನ ತಲೆದಿಂಬಿನ ಪಕ್ಕಕ್ಕೆ ಅವನ ಕಾಲಿನತ್ತ ಮುಖಮಾಡಿ ಕೂತಳು. ಹೊದಿಕೆಯೊಳಗಿಂದ ಎಡಗೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಿರುಬೆರಳಿನ ಕೆಳಗೆ, ಬೆವರಿಗೆ ಅಂಚು ಕದಡಿದ ನೀಲಿ ಚುಕ್ಕೆ.

ಒದ್ದೆ ಬಟ್ಟೆ ಬೆರಳುಗಳನ್ನು ಒರೆಸಿ ಅಂಗೈಗೆ ಬಂತು. ಅವಳು ಹೆಬ್ಬೆರಳನ್ನು ಚುಕ್ಕೆಯ ಮೇಲಿಟ್ಟಳು, ಒತ್ತಲಿಲ್ಲ. ಅತ್ತಿಗೆಯ ಬಟ್ಟೆ ಆ ಬೆರಳನ್ನು ಸುತ್ತುಬಳಸಿ ಮುಂದೆ ಹೋಯಿತು.