ಬೀಟೆಯ ಭಾರ

ಪೆಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕು ಇಟ್ಟಿಗೆ ಮಾತ್ರ ಉಳಿದಿದ್ದವು. ಗೆದ್ದಲು ಹತ್ತದಿರಲೆಂದು ಮೂಲೆಗೊಂದರಂತೆ ಸಣ್ಣಿ ತಾನೇ ಇಟ್ಟಿದ್ದ ಇಟ್ಟಿಗೆಗಳು. ಅವುಗಳ ನಡುವಿನ ನೆಲ ಚೌಕವಾಗಿ ಬೇರೆಯೇ ಬಣ್ಣದಲ್ಲಿ ಕಾಣುತ್ತಿತ್ತು. ಅವಳು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅಲ್ಲಿಗೆ ಬೆಳಕು ಬಿದ್ದಿರಲಿಲ್ಲ. ಪೆಟ್ಟಿಗೆಯೊಳಗಿದ್ದ ಸೀರೆ, ಕುಪ್ಪಸ, ಅವ್ವನ ಕಾಲುಂಗುರದ ಗಂಟು ಎಲ್ಲವನ್ನೂ ಹಳೇ ಪಂಚೆಯಲ್ಲಿ ಸುತ್ತಿ, ಒಗೆಯಲು ಹಾಕಿದ ಮೂಟೆಯ ಹಾಗೆ ಗೋಡೆಗೆ ಒರಗಿಸಿತ್ತು.

ಅವಳು ತಲೆಯ ಮೇಲಿನ ಗಂಟನ್ನು ಇನ್ನೂ ಇಳಿಸಿರಲಿಲ್ಲ. ಅಣ್ಣನ ಮಗಳ ಮದುವೆ ಮುಗಿಸಿಕೊಂಡು ತವರೂರು ಕೊಣನೂರಿನಿಂದ ಬೆಳಿಗ್ಗೆ ಹೊರಟವಳು. ಶಿರಂಗಾಲದ ಗೇಟಿನಲ್ಲಿ, ಮೈಸೂರು ರಾಜ್ಯ ಮುಗಿದು ಕೊಡಗು ರಾಜ್ಯ ಶುರುವಾಗುವಲ್ಲಿ, ಪೊಲೀಸಿನವನೊಬ್ಬ ಏನು ಸಾಗಿಸುತ್ತಿದ್ದೀಯ ಎಂದು ಗಂಟು ಬಿಚ್ಚಿಸಿ ಕಜ್ಜಾಯದ ನಡುವೆಲ್ಲ ಕೈಯಾಡಿಸಿದ್ದ. ಆಗಲೇ ಅವಳ ತಲೆ ಕಾದಿತ್ತು. ಈಗ ಈ ಇಟ್ಟಿಗೆಗಳು.

ಹಿತ್ತಲ ಬಾಗಿಲಿನಿಂದ ವಾಸನೆ ಬಂತು. ಬೀಟೆ ಕೊಯ್ದಾಗ ಏಳುವ ಸಿಹಿ ವಾಸನೆ. ಅವಳಪ್ಪ ಮರ ಕೊಯ್ಯುವವನಾಗಿದ್ದ. ಆ ವಾಸನೆ ಅವನ ಅಂಗಿಯಲ್ಲಿ, ಗಡ್ಡದಲ್ಲಿ, ಅವನು ಕಲಸಿದ ಮುದ್ದೆಯಲ್ಲೂ ಇರುತ್ತಿತ್ತು. ಸಣ್ಣಿ ಗಂಟನ್ನು ಅಲ್ಲೇ ಎಸೆದು ಕೊಟ್ಟಿಗೆಗೆ ನಡೆದಳು.

ಕೊಟ್ಟಿಗೆ ಎಂದು ಹೆಸರಿಗಷ್ಟೆ. ಹಸುಗಳು ಎರಡು ವರ್ಷದಿಂದ ಹೊರಗೆ ಹಲಸಿನ ಮರದಡಿ ಇಬ್ಬನಿಯಲ್ಲಿ ನಿಂತಿದ್ದವು. ಒಳಗೆ ಕಾರು ಇತ್ತು. ಅದರಡಿಯಿಂದ ಗಂಡ ಜವರಯ್ಯನ ಕಾಲುಗಳು ಹೊರಗೆ ಚಾಚಿದ್ದವು.

"ಏನಯ್ಯ, ನನ್ ಪೆಟ್ಗೆ ಎಲ್ಲಯ್ಯ?"

"ಬಂದ್ಯಾ? ಮದ್ವೆ ಚೆನ್ನಾಗ್ ಆಯ್ತಾ?"

"ಪೆಟ್ಗೆ ಎಲ್ಲಿ ಅಂದೆ."

"ಎಲ್ಲೂ ಹೋಗಿಲ್ಲ ಕಣಮ್ಮಿ. ಇಲ್ಲೇ ಅದೆ. ಕಣ್ ಬಿಟ್ಟು ನೋಡು."

ನೋಡಿದಳು. ಕಾರಿನ ತಗಡಿನ ಚರ್ಮ ಬಿಚ್ಚಿ ಗೋಡೆಗೆ ಒರಗಿಸಿತ್ತು. ಒಳಗಿನ ಮರದ ಚೌಕಟ್ಟು ಹೊಸದು, ಕಪ್ಪು ಕೆಂಪು ಗೆರೆಗಳ ಬೀಟೆ. ಪೆಟ್ಟಿಗೆಯ ತಳ ಕಾರಿನ ನೆಲವಾಗಿತ್ತು. ಪಕ್ಕದ ಹಲಗೆಗಳು ಬಾಗಿಲುಗಳಾಗಿದ್ದವು. ಹಿಂಬದಿಯ ಹಲಗೆ ಸೀಟಿಗೆ ಒರಗಾಗಿತ್ತು. ಮುಚ್ಚಳದ ಒಳಮೈಯಲ್ಲಿ ಅಪ್ಪ ಕೈವಾರ ಹಿಡಿದು ಗೀರಿ ಕೆತ್ತಿದ ಆರೆಸಳಿನ ಹೂವಿತ್ತು. ಅದು ಈಗ ಸ್ಟೇರಿಂಗಿನ ಮುಂದೆ ನಿಂತಿತ್ತು. ಹೂವಿನ ಎರಡು ಎಸಳು ಇದ್ದಲ್ಲಿ ದುಂಡನೆಯ ತೂತು ಕೊರೆದು ಗಡಿಯಾರದಂಥ ಮೀಟರುಗಳನ್ನು ಕೂರಿಸಿದ್ದ.

ಜವರಯ್ಯ ತೆವಳಿಕೊಂಡು ಈಚೆ ಬಂದ. ಮುಖದ ತುಂಬ ಗ್ರೀಸು, ಗ್ರೀಸಿನ ನಡುವೆ ಗತ್ತಿನ ಮೀಸೆ. "ದೊರೆ ದೇಶದ ಬಿಳೀ ಮರ ಇತ್ತು ಒಳಗೆ. ಹುಳ ತಿಂದು ಹಪ್ಪಳ ಆಗಿತ್ತು. ಈಗ ನೋಡು, ಬೀಟೆ! ನೂರು ವರ್ಷ ಅಲ್ಲಾಡಲ್ಲ. ಮಡಿಕೇರೀಲಿ ಮಂತ್ರಿ ಕಾರಿಗೂ ಇಲ್ಲ ಇಂಥದ್ದು."

"ಕೀಲಿಕೈ ನನ್ ಸೊಂಟ್ದಲ್ಲೇ ಅದೆ. ಹೆಂಗ್ ತೆಗ್ದೆ?"

"ಬೀಗ ಮುಟ್ಟಿಲ್ಲ ಕಣೆ, ನಿನ್ನಾಣೆ. ಹಿಂದ್ಗಡೆ ಕೀಲು ಬಿಚ್ಚಿದೆ ಅಷ್ಟೆ. ಬೀಗಾನ ಎಡಗಡೆ ಬಾಗ್ಲಿಗೇ ಕೂರ್ಸಿದೀನಿ, ನಿನ್ನ ಕಡೆಗೆ. ನೀನೇ ಹಾಕು, ನೀನೇ ತೆಗಿ." ಏನೋ ಉಡುಗೊರೆ ಕೊಟ್ಟವನ ಹಾಗೆ ಹೇಳಿದ.

ಸಣ್ಣಿ ಕೈಗೆ ಸಿಕ್ಕಿದ ಎಣ್ಣೆ ಡಬ್ಬ ಎತ್ತಿ ಗೋಡೆಗೆ ಬೀಸಿದಳು. ಹೊರಗೆ ಹಸು ಬೆದರಿ ಹಗ್ಗ ಜಗ್ಗಿತು.

"ನಮ್ಮಪ್ಪ ನಿಮ್ಮ ಕೊಡಗಿನ ಕಾಡಲ್ಲಿ ಮಳೇಲಿ ನೆಂದು ಮರ ಕೊಯ್ದು, ಆ ತುಂಡು ಕೇಳಿ ಇಸ್ಕೊಂಡು, ಗಾಡೀಲಿ ಊರಿಗೆ ಹೊತ್ಕೊಂಡ್ ಹೋಗಿ ಮಾಡಿದ್ದು ಅದು. ಕೇಳ್ಬೇಕು ಅನ್ನಿಸ್ಲಿಲ್ವಾ ನಿಂಗೆ?"

"ನೀನಿರ್ಲಿಲ್ವಲ್ಲೇ. ಸುಮ್ನೆ ಮೂಲೇಲಿ ಬಿದ್ದಿತ್ತು..."

"ನಾನೂ ಮೂಲೇಲೇ ಬಿದ್ದಿದೀನಿ. ನನ್ನೂ ಕೊಯ್ದು ಹಾಕ್ಕೊ. ಇನ್ನೆಲ್ಲಿ ತೂತು ಉಳ್ದದೆ ತೋರ್ಸು."

ಆ ಕಾರು ಸುಂಟಿಕೊಪ್ಪದ ಕಡೆಯ ಒಬ್ಬ ಬಿಳಿಯ ತೋಟದ ದೊರೆಯದು. ಎರಡೇ ಸೀಟು, ಸೈಕಲ್ ಚಕ್ರದ ಹಾಗೆ ಕಡ್ಡಿ ಕಡ್ಡಿ ಗಾಲಿ, ಬಾನೆಟ್ಟಿಗೆ ಚರ್ಮದ ಪಟ್ಟಿ. ದೊರೆ ಅದನ್ನು ರೇಸಿಗೆ ಒಯ್ಯುತ್ತಿದ್ದನಂತೆ. ಅವನು ದೇಶ ಬಿಟ್ಟು ಹೋದಾಗ ಅದು ಕಾಫಿ ಸ್ಟೋರಿನಲ್ಲಿ ಕೋಳಿಗಳ ಮನೆಯಾಗಿತ್ತು. ಜಾಗ ಖಾಲಿಯಾದರೆ ಸಾಕು ಎಂದು ತೋಟದ ಹೊಸ ಯಜಮಾನ ಕೊಟ್ಟುಬಿಟ್ಟ. ಮರದ ಲಾರಿ ಓಡಿಸುತ್ತಿದ್ದ ಜವರಯ್ಯ ಗುಡ್ಡೆಹೊಸೂರಿನ ತನ್ನ ಮನೆಗೆ ಎಳೆದು ತಂದ. ಎಂಜಿನ್ ಬಿಚ್ಚಿ ಸಣ್ಣಿಯ ಮೊರಗಳಲ್ಲಿ ಹರಡಿದ. ದೀಪದ ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆದ. ಅವಳು ಬೈಯುತ್ತಲೇ ಸಹಿಸಿಕೊಂಡಿದ್ದಳು. ಮೊದಲ ಸಲ ಎಂಜಿನ್ ಹೊಡೆದುಕೊಂಡಾಗ ಮಾಡಿನಿಂದ ಮಸಿ ಉದುರಿ ಗಂಡನ ತಲೆಯೆಲ್ಲ ಕಪ್ಪಾಗಿದ್ದನ್ನು ಕಂಡು ಅವಳು ನಕ್ಕಿದ್ದೂ ಉಂಟು. ಚೌಕಟ್ಟು ಬಿಚ್ಚುವ ದಿನ ಆ ಬಿಳೀ ಮರದ ತುಂಡುಗಳನ್ನು ಒಲೆಗೆಂದು ತಂದವಳೂ ಅವಳೇ. ಒಂದು ಇಡೀ ಬಾಗಿಲಿನ ಮರ ಒಂದು ಕೈಗೆ ಭಾರವಾಗಿರಲಿಲ್ಲ.

ಅದನ್ನು ಅವಳು ಈಗ ನೆನಪಿಸಿಕೊಂಡಳು. "ನನ್ ಪೆಟ್ಗೇನ ಗಾಡಿಯಿಂದ ಒಳಕ್ಕೆ ತರೋಕೆ ನಾಲ್ಕಾಳು ಬೇಕಾಯ್ತು. ನಿಮ್ಮಣ್ಣನ ಬೆನ್ನು ಉಳುಕಿತ್ತು. ಈ ಮಿಡತೆ ಮೇಲೆ ನಾಲ್ಕಾಳಿನ ಹೊರೆ ಹೇರಿದೀಯ. ಇದು ಎದ್ದೀತಾ?"

"ನಿಂಗೇನ್ ಗೊತ್ತು ಎಂಜಿನ್ ವಿಷ್ಯ?"

"ಎಂಜಿನ್ ಗೊತ್ತಿಲ್ಲ. ಹೊರೆ ಗೊತ್ತು."

ಜವರಯ್ಯ ಮತ್ತೆ ಕಾರಿನಡಿಗೆ ತೂರಿಕೊಂಡ. ಅವನಿಗೆ ಅವಸರವಿತ್ತು. ಬೋಯಿಕೇರಿಯ ಲಾರಿ ಮಾಲೀಕ ದೇರಪ್ಪ ಒಂದು ದಿನ ಈ ಕೊಟ್ಟಿಗೆಗೆ ಬಂದು, "ಇದು ಬೋಯಿಕೇರಿ ಏರು ಹತ್ತಿದ್ರೆ ನನ್ನ ಮೀಸೆ ಬೋಳಿಸ್ತೇನೆ ಮಾರಾಯ. ಹತ್ತದಿದ್ರೆ ನಿನ್ನದು," ಎಂದು ಹೇಳಿ ಹೋಗಿದ್ದ. ಮುಂದಿನ ಭಾನುವಾರ ಪಂದ್ಯ.

ಆ ವಾರವೆಲ್ಲ ಸಣ್ಣಿ ಗಂಡನೊಡನೆ ಮಾತಾಡಲಿಲ್ಲ. ಮುದ್ದೆ ತಟ್ಟೆಗೆ ಬೀಳುವ ಸದ್ದಿನಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು. ಅವನು ರೇಡಿಯೇಟರಿನ ಸೋರಿಕೆ ನಿಲ್ಲಲೆಂದು ಡ್ರೈವರುಗಳು ಮಾಡುವ ಹಾಗೆ ಅಡಿಗೆಮನೆಯ ಅರಿಸಿನಪುಡಿ ಎತ್ತಿಕೊಂಡು ಹೋದಾಗಲೂ ಅವಳು ಬಾಯಿ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ, ಅವನು ಕಾರನ್ನು ಅಂಗಳಕ್ಕೆ ತಂದು ನಿಂಬೆಹಣ್ಣು ಇಡುವಷ್ಟರಲ್ಲಿ, ಮದುವೆ ಸೀರೆ ಉಟ್ಟು ಬಂದು ಎಡಗಡೆಯ ಬಾಗಿಲು ತೆರೆದು ಕೂತಳು.

"ಇದೇನೇ? ಇದು ಪಂದ್ಯ ಕಣೆ, ಜಾತ್ರೆಯಲ್ಲ."

"ನನ್ ಪೆಟ್ಗೆ ಎಲ್ಲಿಗೆ ಹೋಯ್ತದೋ ಅಲ್ಲಿಗೆ ನಾನೂ ಬತ್ತೀನಿ."

ಜಗಳಕ್ಕೆ ನಿಂತರೆ ಹೊತ್ತಾಗುತ್ತದೆಂದು ಜವರಯ್ಯ ಹಲ್ಲು ಕಚ್ಚಿಕೊಂಡು ಗಾಡಿ ಬಿಟ್ಟ. ಆನೆಕಾಡಿನ ಸಮ ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಹೋಯಿತು. ಬಿದಿರಮೆಳೆಗಳು ಹಿಂದೆ ಹಾರಿದವು, ಗಾಳಿಗೆ ಸೆರಗು ಹಾರಿತು. ಅವಳು ಮುಂದಿನ ಹಲಗೆಯ ಹೂವಿನ ಉಳಿದ ನಾಲ್ಕು ಎಸಳನ್ನೇ ನೋಡುತ್ತ ಕೂತಿದ್ದಳು. ಸುಂಟಿಕೊಪ್ಪದ ಸಂತೆಮಾಳದ ಜನ ಕೇಕೆ ಹಾಕಿದಾಗ ಜವರಯ್ಯ ಮೀಸೆ ತಿರುವಿದ.

ಕೆದಕಲ್ ದಾಟಿದ ಮೇಲೆ ಏರು ಶುರುವಾಯಿತು. ಕಾರು ಮೊದಲು ಗೊಣಗಿತು, ಆಮೇಲೆ ಕೆಮ್ಮಿತು. ಗೇರು ಇಳಿಸಿದ. ಇನ್ನೊಂದು ಇಳಿಸಿದ. ಇಳಿಸಲು ಇನ್ನೇನೂ ಉಳಿಯಲಿಲ್ಲ. ಕಾಫಿ ತೋಟದ ಬೇಲಿಯ ಪಕ್ಕ ಒಂದು ತಿರುವಿನಲ್ಲಿ ರೇಡಿಯೇಟರಿನ ಮುಚ್ಚಳ ಹಾರಿ, ಹಳದಿ ನೀರು ಮದುವೆಮನೆಯ ಓಕುಳಿಯಂತೆ ಮೇಲೆದ್ದು ಇಬ್ಬರ ಮೇಲೂ ಬಿತ್ತು. ಕಾರು ನಿಂತಿತು. ನಿಂತದ್ದು ಹಿಂದಕ್ಕೆ ಜಾರತೊಡಗಿತು. ಜವರಯ್ಯ ಹಾರಿ ಗಾಲಿಗೆ ಕಲ್ಲು ಕೊಟ್ಟ.

ಮೇಲಿನಿಂದ ಲಾರಿಯೊಂದು ಇಳಿದು ಬಂತು. ಕಾದು ಸಾಕಾಗಿ ನೋಡಲು ಬಂದಿದ್ದ ದೇರಪ್ಪ ಅದರಿಂದ ಇಳಿದ. ಹಿಂದೆ ಬೋಯಿಕೇರಿ ಹೋಟೆಲಿನ ಗಿರಾಕಿಗಳು ನಾಲ್ಕೈದು ಮಂದಿ.

"ಹಗ್ಗ ಕಟ್ಟಲಾ ಜವರಯ್ಯ? ಇಲ್ಲ, ಕ್ಷೌರದವನನ್ನ ಇಲ್ಲಿಗೇ ಕರೆಸಲಾ?"

ಜನ ನಕ್ಕರು. ಜವರಯ್ಯ ನೀರು ತುಂಬಿದ, ಆರಲು ಬಿಟ್ಟ, ಹ್ಯಾಂಡಲ್ ತಿರುಗಿಸಿದ. ಎಂಜಿನ್ ಹತ್ತಿತು, ಕಾರು ಎರಡು ಮಾರು ಹೋಗಿ ಮತ್ತೆ ನಿಂತಿತು. ಅವನು ಹೆಂಡತಿಯ ಕಡೆ ತಿರುಗಿದ. ಎಲ್ಲರಿಗೂ ಕೇಳುವ ಹಾಗೆ, "ಇಳಿಯೇ ಕೆಳಕ್ಕೆ! ನಿನ್ನ ಭಾರಕ್ಕೇ ಹತ್ತಲ್ಲ ಇದು," ಎಂದ.

ನಗು ಇನ್ನೂ ಜೋರಾಯಿತು. ಸಣ್ಣಿಯ ಕಿವಿ ಕಾದವು. ಮದುವೆ ಸೀರೆಯ ಮೇಲೆ ಅರಿಸಿನದ ನೀರು ತಣ್ಣಗಾಗುತ್ತಿತ್ತು. ಅವಳು ನಿಧಾನವಾಗಿ ಬಾಗಿಲು ತೆರೆದು ಇಳಿದಳು.

"ಇಳಿದೆ ನೋಡು. ನಾನ್ ತಂದಿದ್ದೂ ನನ್ ಜೊತೆ ಇಳೀತದೆ."

ನಗು ನಿಂತಿತು. ಸಣ್ಣಿಯವರ ಕಡೆ ಆ ಮಾತನ್ನು ಆಡುವುದು ಒಂದೇ ಸಮಯದಲ್ಲಿ: ಸಂಬಂಧ ಮುರಿದು ಹೆಂಡತಿ ಗಂಡನ ಮನೆ ಬಿಡುವಾಗ, ಊರಿನ ಯಜಮಾನರ ಮುಂದೆ. ಆಗ ಅವಳು ತಂದ ಒಂದೊಂದು ಸಾಮಾನನ್ನೂ ಗಂಡನೇ ತನ್ನ ಕೈಯಿಂದ ಅಂಗಳಕ್ಕೆ ತಂದಿಡಬೇಕು. ದೇರಪ್ಪನ ಕಡೆಯವರ ಪದ್ಧತಿ ಬೇರೆ. ಆದರೂ ಜವರಯ್ಯನ ಮುಖ ನೋಡಿ ಅವನಿಗೆ ಅರ್ಥವಾಯಿತು.

"ಏ ಸಣ್ಣಿ, ಏನ್ ಮಾತಾಡ್ತಾ ಇದೀಯ, ರಸ್ತೇಲಿ..."

"ಭಾರ ಅಂದ್ಯಲ್ಲ. ಇಳ್ಸು."

"ಮನೇಗ್ ಹೋಗಿ ಮಾತಾಡಣ."

"ಇಳ್ಸಯ್ಯ! ಇಲ್ದಿದ್ರೆ ಕಲ್ಲು ತಗೊಂಡು ನಾನೇ ಒಡ್ದು ತಗೀತೀನಿ." ಗಾಲಿಗೆ ಕೊಟ್ಟ ಕಲ್ಲಿಗೇ ಅವಳು ಬಾಗಿದ್ದು ಕಂಡು ಜವರಯ್ಯ ಓಡಿ ಬಂದ.

ಅವನು ಸೀಟಿನಡಿಯಿಂದ ಸ್ಕ್ರೂಡ್ರೈವರು ತೆಗೆದ. ಎಡಗಡೆಯ ಬಾಗಿಲು ಕಳಚಿದ. ಬಲಗಡೆಯದು ಕಳಚಿದ. ಒರಗು ಹಲಗೆ, ನೆಲದ ಹಲಗೆ. ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಿ, ಏದುತ್ತ, ಅವಳ ಕಾಲ ಬಳಿ ಇಟ್ಟ. ತಗಡು ಜೋತುಬಿತ್ತು. ಕೊನೆಗೆ ಹೂವಿನ ಹಲಗೆ ಒಂದು ಉಳಿಯಿತು.

"ಇದೊಂದು ಬಿಡೆ. ಮೀಟರೆಲ್ಲ ಇದ್ರಲ್ಲೇ ಅವೆ."

ಸಣ್ಣಿ ಕೈ ಚಾಚಿಕೊಂಡು ನಿಂತಳು. ಅವನು ಅದನ್ನೂ ಬಿಚ್ಚಿದ. ಮೀಟರುಗಳು ತಂತಿಯಲ್ಲಿ ಕಣ್ಣುಗುಡ್ಡೆಗಳಂತೆ ನೇತಾಡಿದವು.

ಗೋಣಿಚೀಲ ಮಡಿಸಿ ಚಾಸಿಯ ಕಬ್ಬಿಣದ ಮೇಲೆ ಹಾಕಿಕೊಂಡು ಜವರಯ್ಯ ಕೂತ. ಕಾಲಡಿಯಲ್ಲಿ ರಸ್ತೆ ಕಾಣುತ್ತಿತ್ತು. ಎಂಜಿನ್ ಹತ್ತಿತು. ಈ ಸಲ ಕಾರು ನಿಲ್ಲಲಿಲ್ಲ. ಮಿಡತೆಯ ಹಾಗೆಯೇ ಚಿಮ್ಮಿತು, ತಿರುವು ದಾಟಿತು, ಕಾಫಿ ಗಿಡಗಳ ಮೇಲಿನಿಂದ ಅದರ ಸದ್ದು ಮೇಲೆ ಮೇಲೆ ಹೋಗಿ ಸಣ್ಣದಾಯಿತು. ಗಿರಾಕಿಗಳಲ್ಲೊಬ್ಬ, "ಹತ್ತಿತು!" ಎಂದ. ದೇರಪ್ಪ ಮೀಸೆ ಮುಟ್ಟಿಕೊಳ್ಳಲೂ ಇಲ್ಲ. "ಅಮ್ಮಾ, ಲಾರೀಲಿ ಬಿಡ್ತೇನೆ, ಬನ್ನಿ," ಎಂದ.

"ಬ್ಯಾಡ."

ಮರದ ತುಂಡುಗಳ ಮೇಲೆ ಕೂತು ಅವಳು ಕಾದಳು. ಸುಂಟಿಕೊಪ್ಪದ ಕಡೆ ಇಳಿಯುತ್ತಿದ್ದ ಗಂಗಣ್ಣನ ಎತ್ತಿನ ಗಾಡಿ ಬಂತು. ಗಂಗಣ್ಣ ಅವಳ ತವರೂರಿನವನೇ, ಮಡಿಕೇರಿಯಲ್ಲಿ ಕಿತ್ತಳೆ ಇಳಿಸಿ ಬರುತ್ತಿದ್ದ. ಹಲಗೆಗಳನ್ನು ಏರಿಸಿ, ಅವಳ ಸೀರೆಯ ಹಳದಿ ನೋಡಿ, "ಎಲ್ಲಿಗವ್ವ? ಕೊಣನೂರಿಗಾ?" ಎಂದು ಕೇಳಿದ. ಅವಳು ಹಲಗೆಗಳ ಮೇಲೆ ಹತ್ತಿ ಕೂತಳು. ಆನೆಕಾಡು ದಾಟಿ ಮನೆಯ ದಾರಿ ಬಂದಾಗ ಎತ್ತುಗಳು ತಾವೇ ನಿಧಾನಿಸಿದವು. "ಇಲ್ಲೇ ಇಳ್ಸು," ಎಂದಳು.

ಹೊತ್ತು ಇಳಿಯುವ ಮುಂಚೆ ಕಾರಿನ ಸದ್ದು ಕೇಳಿಸಿತು. ಜವರಯ್ಯ ಬಾಗಿಲಿನಲ್ಲಿ ಬಂದು ನಿಂತ. ಮೀಸೆ ಹಾಗೇ ಇತ್ತು. ಪಂಚೆ ಹರಿದಿತ್ತು, ರಸ್ತೆಯ ಕಲ್ಲು ಹಾರಿ ಮೊಣಕಾಲು ರಕ್ತವಾಗಿತ್ತು. ಕೈಯಲ್ಲಿ ಮಡಿಕೇರಿಯಿಂದ ತಂದ ಮಲ್ಲಿಗೆಯ ಪೊಟ್ಟಣ. ಅವಳು ನಡುಮನೆಯಲ್ಲಿ ಕೂತಿದ್ದಳು. ಹಲಗೆಗಳನ್ನು ಒಂದರ ಮೇಲೊಂದು ನಾಲ್ಕು ಇಟ್ಟಿಗೆಗಳ ಮೇಲೆ ಜೋಡಿಸಿದ್ದಳು. ಯಾವುದೂ ಯಾವುದಕ್ಕೂ ಸೇರುತ್ತಿರಲಿಲ್ಲ. ಒಂದು ಕಡೆ ಬಾಗು, ಒಂದು ಕಡೆ ಕಚ್ಚು, ಎಲ್ಲ ಕಡೆ ಸ್ಕ್ರೂವಿನ ತೂತು.

"ಹತ್ತಿತು ಕಣೆ," ಎಂದ. ಅವಳು ತಿರುಗಲಿಲ್ಲ. "ಹೊನ್ನೆ ಮರ ತರ್ತೀನಿ. ಇಂಥದ್ದೇ ಇನ್ನೊಂದು ಪೆಟ್ಗೆ ಮಾಡಿಸ್ತೀನಿ," ಎಂದ.

"ಹಂಗೇ ನಮ್ಮಪ್ಪನ್ನೂ ಕರ್ಕೊಂಬಾ. ಅವನೇ ಮಾಡ್ಲಿ."

ಅಪ್ಪ ಸತ್ತು ಹತ್ತು ವರ್ಷದ ಮೇಲಾಗಿತ್ತು. ಜವರಯ್ಯ ಪೊಟ್ಟಣವನ್ನು ಹೊಸಿಲಿನ ಮೇಲೆ ಇಟ್ಟು ಅಂಗಳಕ್ಕೆ ಇಳಿದ. ಅವನು ಹಲಸಿನ ಮರದಡಿಯಿಂದ ಹಸುಗಳನ್ನು ಬಿಚ್ಚಿ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುವ ಸದ್ದು ಕೇಳಿಸಿತು.

ಸಣ್ಣಿ ಸೊಂಟದಿಂದ ಕೀಲಿಕೈ ತೆಗೆದಳು. ಮೇಲಿನ ಹಲಗೆಯಲ್ಲಿ, ಕಾರಿನ ಬಾಗಿಲಾಗಿದ್ದ ಹಲಗೆಯಲ್ಲಿ, ಹಿತ್ತಾಳೆಯ ಬೀಗ ಇನ್ನೂ ಕೂತಿತ್ತು. ಕೀಲಿಕೈ ತೂರಿಸಿ ತಿರುಗಿಸಿದಳು. ಟಕ್ ಎಂದು ಬೀಗದ ನಾಲಿಗೆ ಹೊರಗೆ ಬಂದು, ಹಲಗೆಯ ಅಂಚಿನಾಚೆ ಬರಿಯ ಗಾಳಿಯಲ್ಲಿ ನಿಂತಿತು. ಅವಳು ಮತ್ತೆ ತಿರುಗಿಸಿದಳು, ಒಳಗೆ ಹೋಯಿತು. ಮತ್ತೆ ತಿರುಗಿಸಿದಳು.