ಗೋಡೆಗೇರದ ಚಿಲುಮೆಗೊಡಲಿ

ಆರ್ವಲ್ ಮಾವನ ಮನೆಯ ಗೋಡೆಯನ್ನು ಹೊಸಬರು ನೋಡಿದರೆ ಹೊಗಳುತ್ತಾರೆ, ನೆಂಟರು ನೋಡಿದರೆ ಮುಸಿಮುಸಿ ನಗುತ್ತಾರೆ. ಮಾವ ಒಳ್ಳೆಯದನ್ನು ಎಂದೂ ಮನೆಯಲ್ಲಿ ಇಟ್ಟುಕೊಂಡವನಲ್ಲ. ತಮ್ಮ ಪೊಂಕಾ ಬುಡಕಟ್ಟಿನ ಕುಣಿತದ ದಿನ ತನ್ನ ಮನೆತನದ ಹಾಡು ಎದ್ದಿತೆಂದರೆ ಸಾಕು, ಇರುವುದರಲ್ಲಿ ಮೇಲಾದದ್ದನ್ನು ಎತ್ತಿ ಯಾರಿಗಾದರೂ ಕೊಟ್ಟುಬಿಡುತ್ತಾನೆ. ಕೊಡಲು ನಾಚಿಕೆಯಾಗುವಂಥದ್ದು ಮಾತ್ರ ಗೋಡೆಗೆ ಹೋಗುತ್ತದೆ. ಆ ಗೋಡೆಯ ಮೇಲೆ, ಗಡಿಯಾರದ ಪಕ್ಕದಲ್ಲೇ, ಅವನ ತಂಗಿಯ ಮಗಳು ವಿಲ್ಮಾ ಮಾಡಿದ ಮೊದಲ ಕೊಡಲಿ ವರ್ಷಗಳಿಂದ ನೇತಾಡುತ್ತಿತ್ತು.

"ಎಷ್ಟು ಪ್ರೀತಿಯಿಂದ ತೂಗುಹಾಕಿದಾರೆ ನೋಡೇ!" ಎಂದು ಮ್ಯಾಕ್ಸಿನ್ ಅತ್ತೆ ಪ್ರತಿಸಲವೂ ಚುಚ್ಚುತ್ತಿದ್ದಳು. ವಿಲ್ಮಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನ ಕೈಯಿಂದ ಆದದ್ದನ್ನು ಮಾವ ಒಂದು ಸಲವಾದರೂ ನಾಲ್ಕು ಜನರೆದುರು ಕೊಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಈ ವರ್ಷ ಅವಳು ಚಿಲುಮೆಗೊಡಲಿಗೇ ಕೈಹಾಕಿದಳು. ಒಂದು ಮಗ್ಗುಲಿಗೆ ಅಲಗು, ಇನ್ನೊಂದು ಮಗ್ಗುಲಿಗೆ ಹೊಗೆಸೊಪ್ಪು ತುಂಬುವ ಬಟ್ಟಲು, ಹಿಡಿಯುವ ಕಾವೇ ಹೊಗೆ ಎಳೆಯುವ ಕೊಳವೆ. ಹಗಲೆಲ್ಲ ತೈಲ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಬಂದವಳು ಸಂಜೆ ಹಿತ್ತಿಲಲ್ಲಿ ಕುಲುಮೆ ಹೊತ್ತಿಸುತ್ತಿದ್ದಳು. ಅಜ್ಜನ ಮುರುಕು ಕೋವಿಯ ನಳಿಗೆಯನ್ನು ತುಂಡರಿಸಿ, ಕಾಯಿಸಿ ಬಡಿದಳು. ನಳಿಗೆಯ ತೂತೇ ಬಟ್ಟಲಾಯಿತು, ಉಳಿದದ್ದು ಅಲಗಾಯಿತು. ಅಲಗಿನ ಮೇಲೆ ಬೆಳ್ಳಿಯ ಅರ್ಧಚಂದ್ರ ಕೂರಿಸಿದಳು. ಆಶ್ ಮರದ ಕೊಂಬೆಯೊಳಗೆ ಕೆಂಪಗೆ ಕಾದ ತಂತಿ ತೂರಿಸಿ, ತಿರುಳು ಸುಟ್ಟು ದಾರಿ ಮಾಡಿದಳು. ಕೊನೆಗೆ ಕಾವಿನುದ್ದಕ್ಕೂ ಹಿತ್ತಾಳೆ ತಲೆಯ ಮೊಳೆಗಳನ್ನು ಸಾಲಾಗಿ ಹೊಡೆದಳು. ನೋಡಿದವರ ಕಣ್ಣು ಕುಕ್ಕಬೇಕು, ಹಾಗೆ.

ಮಾವ ಬಂದ. ತಿರುಗಿಸಿ ಮುರುಗಿಸಿ ನೋಡಿ, ಕಾವಿನ ತುದಿಗೆ ಬಾಯಿಟ್ಟು ಎಳೆದ. ಎರಡೂ ಕೆನ್ನೆ ಒಳಗೆ ಹೋದವು. ಗಾಳಿ ಬರಲಿಲ್ಲ.

"ಇದಕ್ಕೆ ಉಸಿರೇ ಇಲ್ವಲ್ಲೇ ಮಗಾ" ಎಂದ. ಬೈಯಲಿಲ್ಲ. ಕೊಡಲಿಯನ್ನು ಅವಳ ಕೈಗೇ ಕೊಟ್ಟು, "ಇರ್ಲಿ ಬಿಡು, ಗಡಿಯಾರದ ಆ ಕಡೆ ಜಾಗ ಇದೆ" ಎಂದ. ಬೈದಿದ್ದರೇ ವಾಸಿಯಿತ್ತು.

"ಮೇಲೆ ಥಳುಕು, ಒಳಗೆ ಹುಳುಕು" ಎಂದು ಜೊತೆಗೆ ಬಂದಿದ್ದ ಅತ್ತೆ ಒಗ್ಗರಣೆ ಹಾಕಿದಳು.

ಮರುದಿನ ವಿಲ್ಮಾ ಕಾವಿನೊಳಗೆ ತಂತಿ ತೂರಿಸಿದಳು. ನಾಲ್ಕು ಬೆರಳು ಹೋಗುವಷ್ಟರಲ್ಲೇ ಅದು ಸಿಕ್ಕಿಕೊಂಡಿತು. ಹೊರಗೆ ನೋಡಿದರೆ ಅಲ್ಲೇ ಮೊದಲ ಮೊಳೆ. ಮೊಳೆಗಳ ಮೊನೆಗಳು ಒಳಗಿನ ದಾರಿಯವರೆಗೂ ಇಳಿದು ಹೊಗೆಗೆ ಬೇಲಿ ಕಟ್ಟಿದ್ದವು! ಅಂದದ ಅಮಲಿನಲ್ಲಿ ಅಳತೆ ಮರೆತಿದ್ದಳು. ತಲೆ ಚಚ್ಚಿಕೊಂಡು, ತಾನೇ ಹೊಡೆದ ಮೊಳೆಗಳನ್ನೆಲ್ಲ ತಾನೇ ಕಿತ್ತಳು. ತೂತುಗಳಿಗೆ ಮರದ ಪುಡಿ ಬೆರೆಸಿದ ಅಂಟು ತುಂಬಿದಳು. ಒಂದೊಂದು ಮೊಳೆಯನ್ನೂ ಗಿಡ್ಡಗೆ ಕತ್ತರಿಸಿ ಮತ್ತೆ ಕೂರಿಸಿದಳು. ಆಮೇಲೆ ಉಸಿರು ತುಂಬಿಕೊಂಡು ಊದಿದಾಗ, ಒಳಗುಳಿದಿದ್ದ ಸುಟ್ಟ ತಿರುಳಿನ ಬೂದಿ ಬಟ್ಟಲಿಂದ ಚಿಮ್ಮಿ ಅವಳ ಮೂಗಿಗೇ ಬಡಿಯಿತು. ಸೀನುತ್ತಲೇ ನಕ್ಕಳು.

ಕುಣಿತದ ದಿನ ಬೆಳಗ್ಗೆ "ಈಗ ಸರಿಹೋಗಿದೆ ಮಾವ" ಎಂದು ಕೊಡಲಿಯನ್ನು ಅವನ ಕೈಗಿಟ್ಟಳು. ಅವನು ಸೇದಿ ನೋಡಲೂ ಇಲ್ಲ, ಹಾಗೇ ತೆಗೆದುಕೊಂಡು ಹೋದ.

ಮಧ್ಯಾಹ್ನ ಅವರ ಹಾಡು ಎದ್ದಿತು. ಮಾವ ಕೊಡಲಿ ಹಿಡಿದು ನಗಾರಿಯ ಸುತ್ತ ಕುಣಿದ. ಹಾಡು ಮುಗಿದ ಮೇಲೆ ಕೊಡುಗೆ ಶುರುವಾಯಿತು. ಕಂಬಳಿಗಳು ಹೋದವು, ದಿನಸಿ ತುಂಬಿದ ಬುಟ್ಟಿಗಳು ಹೋದವು, ಅತ್ತೆ ಹೊಲಿದ ಶಾಲು ಹೋಯಿತು. ಕೊಡಲಿ ಮಾತ್ರ ಮಾವನ ತೋಳಿನ ಮೇಲೆಯೇ ಇತ್ತು. ಗಡಿಯಾರದ ಆ ಕಡೆಯ ಜಾಗ ವಿಲ್ಮಾಳ ಕಣ್ಣಿಗೆ ಕಟ್ಟಿತು. ಅವಳು ತಲೆ ತಗ್ಗಿಸಿದಳು.

ಆಗ ಮಾವ ನಗಾರಿಯ ಕಡೆ ನಡೆದ. ನೆಬ್ರಾಸ್ಕಾದಿಂದ ಬಂದಿದ್ದ ಹಿರಿಯ ಹಾಡುಗಾರ ಸಿಲ್ವೆಸ್ಟರ್ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಅಣ್ಣಾ, ಇದನ್ನ ಮಾಡಿದ್ದು ನನ್ನ ತಂಗಿ ಮಗಳು ವಿಲ್ಮಾ. ನಮ್ಮನೇಲಿ ಇದಕ್ಕಿಂತ ಒಳ್ಳೇದು ಇನ್ನೇನೂ ಇಲ್ಲ. ತಗೋ."

ಮುದುಕ ಎರಡೂ ಕೈ ಚಾಚಿ ತೆಗೆದುಕೊಂಡ. ತುಟಿಗಿಟ್ಟು ಎಳೆದ, ಹುಬ್ಬೇರಿಸಿದ. "ಎಷ್ಟು ಸಲೀಸಾಗಿ ಉಸಿರಾಡುತ್ತಪ್ಪಾ!"

ಜನರ ನಡುವಿಂದ ಹೆಂಗಸರ ಮೆಚ್ಚುಗೆಯ ಕೇಕೆ ಎದ್ದಿತು. ವಿಲ್ಮಾಳ ಕಣ್ಣು ತುಂಬಿತು, ಎದೆ ಉಬ್ಬಿತು.

"ಹೋಯ್ತಲ್ಲೇ, ಅಷ್ಟು ದಿನದ ದುಡಿಮೆ ಒಂದೇ ಹಾಡಿಗೆ!" ಎಂದು ಅತ್ತೆ ಅವಳ ಪಕ್ಕೆಗೆ ತಿವಿದಳು.

ವಿಲ್ಮಾ ಬರಿಗೈಯನ್ನು ಸೊಂಟದ ಮೇಲಿಟ್ಟುಕೊಂಡು ನೆಟ್ಟಗೆ ನಿಂತಳು.

"ಹೋಗ್ಲಿ ಅಂತಾನೇ ಅತ್ತೆ ಮಾಡಿದ್ದು."