ತಾಟಿನ ಸುತ್ತ ಎಡಗೈ

ರಿಮಾಂಡ್ ಹೋಮಿನಲ್ಲಿ ಒಂದು ರೊಟ್ಟಿಗಾಗಿ ನಾನು ಶಿವಕಾಂತನ ಮುಂದಿನ ಹಲ್ಲು ಮುರಿದಿದ್ದೆ. ಬಿಡುಗಡೆಯಾದ ಮೇಲೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿದರೆ, ಮೊದಲ ದಿನವೇ ಅವನು ಎದುರಾದ. ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯನ್ನು ನನ್ನ ತೊಡೆಗೆ ಚುಚ್ಚಿದ. ನಾನು ಅವನ ತಲೆಯನ್ನು ಗೋಡೆಗೆ ಅಪ್ಪಳಿಸಿದೆ. ಹಿರಿಯ ಹಮಾಲ ಸೂಗಪ್ಪ ಇಬ್ಬರನ್ನೂ ಒದ್ದು ಬಿಡಿಸಿದ. ಗಾಯಕ್ಕೆ ಅರಿಶಿನ ಮೆತ್ತಿ, ಎದುರುಬದುರು ಊಟಕ್ಕೆ ಕೂರಿಸಿದ.

ನಾವಿಬ್ಬರೂ ಹೋಮಿನ ರೂಢಿಯಂತೆ ತಾಟಿನ ಸುತ್ತ ಎಡಗೈಯನ್ನು ಬೇಲಿಯಂತೆ ಇಟ್ಟು ಗಬಗಬ ತಿನ್ನತೊಡಗಿದೆವು. ಬೇರೆ ಯಾವ ಹಮಾಲನೂ ಹಾಗೆ ತಿನ್ನುತ್ತಿರಲಿಲ್ಲ. ಶಿವಕಾಂತ ಅದನ್ನು ನೋಡಿದ.

"ಕೈ ತೆಗಿ ಲೇ ಮಲ್ಲೇಶ. ಇಲ್ಲಿ ಯಾರೂ ಕಸಗೊಳ್ಳಂಗಿಲ್ಲ."

"ಮೊದ್ಲು ನೀ ತೆಗಿ," ಎಂದೆ.

ತೆಗೆದ. ಮುಂದಿನ ಹಲ್ಲಿಲ್ಲದೆ ಅವನು ದವಡೆಯಲ್ಲಿ ಕಡಿಯುತ್ತಿದ್ದ ಖಡಕ್ ರೊಟ್ಟಿಯನ್ನು ಕಸಿದುಕೊಂಡೆ. ಮುರಿದು, ಸಾರಿನಲ್ಲಿ ಮೆತ್ತಗಾಗುವಂತೆ ನೆನೆಸಿ, ಅವನ ತಾಟಿಗೇ ಹಾಕಿದೆ.